ಒಂದೇ ಸಲ ಬಂದ ಕರೆ

“ಇಳೀಬ್ಯಾಡಿ ಸ್ವಾಮೀ, ಅಲ್ಲಿ ಹೂಳು ಅದೆ!” ಎಂದು ದಫೇದಾರ ಜುಂಜಪ್ಪ ಏರಿಯ ಮೇಲಿಂದ ಕೂಗುವಷ್ಟರಲ್ಲಿ ಇನ್ಸ್‌ಪೆಕ್ಟರ್ ಖಲೀಲುಲ್ಲಾ ಮೊಣಕಾಲುದ್ದ ಕೆಸರಿನಲ್ಲಿ ಹೂತುಹೋಗಿದ್ದ.

“ಇಳಿದ ಮೇಲೆ ಹೇಳ್ತೀಯಲ್ಲಯ್ಯ, ನಿನ್ನ ಬುದ್ಧಿಗಿಷ್ಟು!”

ಕೈಗೆ ಸಿಕ್ಕ ಜೊಂಡು ಹಿಡಿದು ನಿಂತ. ಶಿರಾ ಪೇಟೆಯಲ್ಲಿ ಹುಟ್ಟಿ ಬೆಳೆದವನಿಗೆ ನೀರೆಂದರೆ ಕೊಡದಲ್ಲಿರಬೇಕು, ಹೆಚ್ಚೆಂದರೆ ಬಾವಿಯಲ್ಲಿರಬೇಕು. ಈಜು ಬಾರದು. ಕಳ್ಳರ ಬೆನ್ನು ಹತ್ತಿ ಮಧುಗಿರಿ ಬೆಟ್ಟದ ಅರ್ಧ ಹತ್ತಿದ್ದ, ಪಾವಗಡದ ಕೋಟೆಯ ಬಂಡೆಯ ಮೇಲೆ ಮಲಗಿದ್ದ. ದೋಣಿ ಮಾತ್ರ ಹತ್ತಿದವನಲ್ಲ. ಅಂಥವನ ಪಾಲಿಗೆ ಕಂಬದ ಕೆರೆಯ ಹಾಯಿದೋಣಿ ಸಂಘದ ಕೇಸು ಬಂದು ಬಿದ್ದಿತ್ತು. ಹಣೆಬರಹಕ್ಕೆ ಹೊಣೆ ಯಾರು?

ಎದುರಿಗೆ, ಕೋಡಿಯ ಮೂಲೆಯಲ್ಲಿ, ‘ಮಿಂಚುಳ್ಳಿ’ ಮಗ್ಗುಲಾಗಿ ಬಿದ್ದಿತ್ತು. ನಿನ್ನೆ ಮಧ್ಯಾಹ್ನ ಸಂಘದ ಅಧ್ಯಕ್ಷರು, ರಿಟೈರಾದ ಇಂಜಿನಿಯರ್ ನಂದೀಶ್ವರಯ್ಯನವರು, ಈ ದೋಣಿಯಲ್ಲಿ ಹೊರಟಿದ್ದರು. ದೋಣಿ ಬಂದು ಇಲ್ಲಿ ಸೇರಿತು, ಅವರು ಎಲ್ಲಿಯೂ ಸೇರಲಿಲ್ಲ.

ಖಲೀಲುಲ್ಲಾ ದೋಣಿಯ ಒಳಕ್ಕೆ ಕೈ ಹಾಕಿ ತಡವಿದ. ಸಂಘದ ದೋಣಿಗಳಲ್ಲಿ ಇದೊಂದಕ್ಕೇ ವೈರ್‌ಲೆಸ್ ಪೆಟ್ಟಿಗೆ ಇತ್ತು. ಇನ್ನೊಂದು ಪೆಟ್ಟಿಗೆ ದಡದ ಶೆಡ್ಡಿನಲ್ಲಿ. ಇಲ್ಲಿಂದ ಮಾತಾಡಿದರೆ ಅಲ್ಲಿ ಕೇಳುತ್ತದೆ. ಸರ್ಕಾರದ ಲೈಸೆನ್ಸು ತಂದು, ಬೊಂಬಾಯಿಯಿಂದ ಸಾಮಾನು ತರಿಸಿ, ನಂದೀಶ್ವರಯ್ಯನವರೇ ಕೂಡಿಸಿದ್ದ ಯಂತ್ರ. ಈಗ ಪೆಟ್ಟಿಗೆ ಇಡುವ ಜಾಗ ಖಾಲಿ.

“ಮುಳುಗೋಗ್ಯದೆ ಬುಡಿ ಸ್ವಾಮಿ,” ಎಂದ ಜುಂಜಪ್ಪ.

“ಮುಳುಗಿದ್ರೆ ಈ ಪಟ್ಟಿ ಹರಿದಿರಬೇಕಿತ್ತು.”

ಪೆಟ್ಟಿಗೆಯನ್ನು ಬಿಗಿಯುವ ಚರ್ಮದ ಪಟ್ಟಿ ಹರಿದಿರಲಿಲ್ಲ. ಯಾರೋ ಬಕಲ್ ಬಿಚ್ಚಿ, ಪೆಟ್ಟಿಗೆ ತೆಗೆದುಕೊಂಡು, ಮತ್ತೆ ಬಕಲ್ ಹಾಕಿದ್ದರು. ದೋಣಿ ಮಗುಚುವ ಹೊತ್ತಿನಲ್ಲಿ ಬಕಲ್ ಹಾಕುತ್ತಾ ಕೂರುವಷ್ಟು ಶಿಸ್ತು ಯಾವ ಇಂಜಿನಿಯರಿಗೂ ಇರುವುದಿಲ್ಲ.

ಇನ್ನೊಂದು ವಿಷಯ ಅವನ ತಲೆ ಕೊರೆಯತೊಡಗಿತು. ಹಾಯಿಯ ಹಗ್ಗವನ್ನು ದೋಣಿಯ ಗೂಟಕ್ಕೆ ಬಿಗಿಯಾಗಿ ಕಟ್ಟಿತ್ತು. ಬೆಳಿಗ್ಗೆ ಶೆಡ್ಡಿನ ಗೋಡೆಯ ಮೇಲೆ ಸಂಘದ ನಿಯಮಗಳ ಹಲಗೆ ಓದಿದ್ದ. ಮೊದಲನೆಯದೇ ಇದು: ಹಾಯಿಯ ಹಗ್ಗವನ್ನು ಕಟ್ಟಕೂಡದು, ಕೈಯಲ್ಲೇ ಹಿಡಿದಿರತಕ್ಕದ್ದು. ಜೋರು ಗಾಳಿ ಬಂದಾಗ ಹಗ್ಗ ಸಡಿಲ ಬಿಟ್ಟರೆ ದೋಣಿ ಉಳಿಯುತ್ತದೆ, ಕಟ್ಟಿದ್ದರೆ ಮಗುಚಿಕೊಳ್ಳುತ್ತದೆ. ಆ ಹಲಗೆ ಬರೆಸಿದವರು ನಂದೀಶ್ವರಯ್ಯ. ಅವರು ಕಟ್ಟುವರೇ?

ಗಂಟಿನ ಸಮೇತ ಹಗ್ಗವನ್ನು ಕತ್ತರಿಸಿ ಜೇಬಿಗೆ ಹಾಕಿಕೊಂಡ. ಗಂಟು ಎಲ್ಲೋ ನೋಡಿದ ಹಾಗಿತ್ತು.

ಮೇಲೆ ಬರುವಾಗ ಜೊಂಡಿನಲ್ಲಿ ಸಿಕ್ಕಿಕೊಂಡಿದ್ದ ಒಂದು ಮೊರ ಕಣ್ಣಿಗೆ ಬಿತ್ತು. ಹೊಸ ಮೊರ, ಅಂಚಿಗೆ ಹಸಿರು ಬಟ್ಟೆ ಹೊಲಿದಿತ್ತು, ಅರಿಸಿನ ಇನ್ನೂ ಪೂರ್ತಿ ತೊಳೆದುಹೋಗಿರಲಿಲ್ಲ.

“ಯಾರೋ ಅವಸರದೋರು,” ಎಂದು ಜುಂಜಪ್ಪ ನಕ್ಕ. “ಕೋಡಿ ಬೀಳಾಕೆ ಇನ್ನೂ ಒಂದು ಗೇಣು ನೀರು ಬರ್ಬೇಕು. ಆಗ್ಲೇ ಗಂಗಮ್ಮಂಗೆ ಬಾಗಿನ ಬುಟ್ಟವ್ರೆ.”

ಬಿಸಿಲು ಸುಡುತ್ತಿತ್ತು. ಟೋಪಿ ಕೆಸರಿಗೆ ಬಿದ್ದಿತ್ತು. ಖಲೀಲುಲ್ಲಾ ಮೊರವನ್ನು ತಲೆಯ ಮೇಲೆ ಹಿಡಿದುಕೊಂಡೇ ಏರಿಯ ಮೇಲೆ ದಾಪುಗಾಲು ಹಾಕಿದ. ಕೆರೆಯಲ್ಲಿ ಹರಿಗೋಲಿನವರು ಬೆಳಗಿನಿಂದ ಹುಡುಕುತ್ತಲೇ ಇದ್ದರು. ನಡುನೀರಿನ ಗಂಗಮ್ಮನ ಮಂಟಪದ ಹತ್ತಿರ ಬಂದಾಗ ಮಾತ್ರ ಎಲ್ಲರೂ ದೂರ ಸರಿದು ಬಳಸಿ ಹೋಗುತ್ತಿದ್ದರು. ಆ ಕಲ್ಲಿನ ಮೇಲೆ ಗಂಡಸರು ಕಾಲಿಡುವಂತಿಲ್ಲ. ಅದು ಹೆಂಗಸರು ಬಾಗಿನ ಕೊಡುವ ಜಾಗ. ಬೆಳಿಗ್ಗೆಯೇ ಯಾರೋ ಹೇಳಿದ್ದರು, ಅವನೂ ತಲೆಯಾಡಿಸಿದ್ದ.

ಶೆಡ್ಡಿನ ಬಾಗಿಲಲ್ಲಿ ಜಗಳ ನಡೆದಿತ್ತು.

“ನನ್ ಗಂಡ ಏನು ಕೊಲೆ ಮಾಡವ್ನಾ? ಕೈಗೆ ಬೇಡಿ ಹಾಕೀರಲ್ಲ, ನಿಮ್ಮ ಕೈಗೆ ಲಕ್ವ ಹೊಡೆಯ!” ಪೋಲೀಸಿನವನ ಮುಂದೆ ಎರಡೂ ಕೈ ಸೊಂಟದ ಮೇಲಿಟ್ಟುಕೊಂಡು ನಿಂತಿದ್ದವಳು ಆಂಜಿನಮ್ಮ. ಅವಳ ಗಂಡ ಪಾಲಪ್ಪ ಶೆಡ್ಡಿನ ವೈರ್‌ಲೆಸ್ ಪೆಟ್ಟಿಗೆಯ ಮುಂದೆ ಕೂರುವ ಕೆಲಸದವನು. ಈಗ ಅದೇ ಪೆಟ್ಟಿಗೆಯ ಮುಂದೆ ಬೇಡಿ ಹಾಕಿಸಿಕೊಂಡು ಕೂತಿದ್ದ.

ಅಪಾಯದ ಕರೆ ಬಂದರೂ ಪಾಲಪ್ಪ ಉತ್ತರ ಕೊಡಲಿಲ್ಲ, ರಕ್ಷಣೆಯ ಹರಿಗೋಲು ಹೊರಡಿಸಲಿಲ್ಲ, ಅದರಿಂದಲೇ ಅಯ್ಯನವರು ಮುಳುಗಿದರು ಎಂದು ಸುತ್ತಲ ಊರೆಲ್ಲ ಉರಿಯುತ್ತಿತ್ತು. ಸಂಜೆಯ ಬಸ್ಸಿಗೆ ಅವನನ್ನು ತುಮಕೂರಿಗೆ ಸಾಗಿಸಬೇಕೆಂದು ಮೇಲಿನಿಂದ ಹುಕುಂ ಬಂದಿತ್ತು. ಒಮ್ಮೆ ಆ ಬಸ್ಸು ಹತ್ತಿದವನು ಬೇಗ ಇಳಿಯುವುದಿಲ್ಲವೆಂದು ಖಲೀಲುಲ್ಲಾಗೆ ಗೊತ್ತು. ಮಧ್ಯಾಹ್ನ ಆಗಲೇ ಜಾರುತ್ತಿತ್ತು. ಅವನಿಗೆ ಕೂತರೆ ಕೂರಲಾಗದು, ನಿಂತರೆ ನಿಲ್ಲಲಾಗದು.

“ಬೇಡಿ ಬಿಚ್ಚು,” ಎಂದ ಪೋಲೀಸಿನವನಿಗೆ. ಮೊರವನ್ನು ಕಿಟಕಿಗೆ ಒರಗಿಸಿ, ಒದ್ದೆ ಕಾಲುಚೀಲ ಬಿಚ್ಚಿ ಅದರ ಮೇಲೆ ಒಣಹಾಕಿದ. “ಪಾಲಪ್ಪ, ಇನ್ನೊಂದು ಸಲ ಹೇಳು. ಏನು ಕೇಳಿಸ್ತು?”

“ಹೊತ್ತು ಇಳೀತಿತ್ತು ಸ್ವಾಮಿ. ಅಯ್ಯನೋರ ದ್ವಾಣಿ, ಪೆದ್ದಣ್ಣೋರ ದ್ವಾಣಿ, ಎರಡೂ ಮಂಟಪದ ಹಿಂದಕ್ಕೆ ಮರೆಯಾದ್ವು. ಪೆದ್ದಣ್ಣೋರು ಒಬ್ಬರೇ ವಾಪಸ್ ಬಂದ್ರು. ಆಮ್ಯಾಕೆ ಪೆಟ್ಟಿಗೆ ಮಾತಾಡ್ತು. ‘ದಡ, ಇದು ಮಿಂಚುಳ್ಳಿ, ಅಪಾಯ.’ ಅಷ್ಟೇಯ.”

“ದನಿ ಯಾರದು?”

“ಅಯ್ಯನೋರ್ದೇ. ಇನ್ನೂ ಕಿವೀಲಿ ಐತೆ.”

“ಮತ್ತೆ ಯಾಕೆ ಉತ್ತರ ಕೊಡಲಿಲ್ಲ?”

ಪಾಲಪ್ಪ ತಲೆ ತಗ್ಗಿಸಿದ. ಹೆಂಡತಿಯ ಕಡೆ ನೋಡಿದ, ಪೆಟ್ಟಿಗೆಯ ಕಡೆ ನೋಡಿದ. ಆಂಜಿನಮ್ಮನಿಗೆ ತಾಳ್ಮೆ ಕೆಟ್ಟಿತು.

“ಬಾಯಿ ಬುಟ್ಟು ಹೇಳ್ಲಾ! ನಾಚ್ಕೆ ದೊಡ್ಡದಾ, ಜೀವ ದೊಡ್ಡದಾ?”

“ಒಂದೇ ಕಿತ ಕರೆದ್ರು ಸ್ವಾಮಿ,” ಎಂದ ಪಾಲಪ್ಪ. “ಹೊತ್ತು ಇಳಿದ ಮ್ಯಾಲೆ ಒಂದೇ ಕರೆಗೆ ಓಗೊಡಬಾರ್ದು. ಮಾರಿ ಒಂದೇ ಕಿತ ಕರೆಯೋದು. ಮನುಷ್ಯರಾದ್ರೆ ಮೂರು ಕಿತ ಕರೀತಾರೆ. ನಮ್ಮಪ್ಪ ಹೊಲದಾಗೆ ಒಂದು ಕರೆಗೆ ‘ಓ’ ಅಂದು, ಮೂರು ದಿನದಾಗೆ ಹೋದ. ನಾನು ಇನ್ನೆರಡು ಕರೆ ಕಾದೆ. ಬರ್ಲಿಲ್ಲ. ಮುಖ ಕಾಣದ ದನಿ ಸ್ವಾಮಿ, ಗಾಳೀಲಿ ಬರೋದು. ಹೆಂಗೆ ನಂಬೋದು?”

ಶೆಡ್ಡಿನಲ್ಲಿದ್ದ ಪೋಲೀಸಿನವನು ಕಿಸಕ್ಕನೆ ನಕ್ಕ. ಖಲೀಲುಲ್ಲಾ ನಗಲಿಲ್ಲ. ಶಿರಾದಲ್ಲಿ ಅವನ ಅಜ್ಜಿ ಖಾಜಾಬಿಯೂ ಮುಸ್ಸಂಜೆಯಲ್ಲಿ ಒಂದು ಕರೆಗೆ ಬಾಗಿಲು ತೆಗೆದವಳಲ್ಲ. ಮದ್ರಾಸಿನಿಂದ ಬಂದ ಮಾವ ಹೊರಗೆ ನಿಂತು ಗಂಟಲು ಹರಿದುಕೊಳ್ಳಬೇಕಾಗಿತ್ತು.

“ಈ ಕೆಲಸಕ್ಕೆ ಸೇರೋವಾಗ ಇದನ್ನ ಯಾರಿಗಾದ್ರೂ ಹೇಳಿದ್ಯಾ?”

“ಅಯ್ಯನೋರಿಗೆ. ಅವರು ನಕ್ಕುಬುಟ್ಟು, ‘ಲೋಕದ ವೈರ್‌ಲೆಸ್ಸಿನೋರೂ ಮೂರು ಸಲಾನೇ ಕರೆಯೋದು ಕಣಯ್ಯ, ನಿನ್ನ ಮಾರಿಗೂ ನಮಗೂ ಜಗಳ ಇಲ್ಲ’ ಅಂದ್ರು.”

ಖಲೀಲುಲ್ಲಾ ಎದ್ದು ಹಲಗೆಯ ಮುಂದೆ ನಿಂತ. ಅಲ್ಲಿ ಬರೆದಿತ್ತು: ಕರೆ ಕೊಡುವವರು ಮೂರು ಸಲ ಕರೆಯತಕ್ಕದ್ದು. ಒಬ್ಬರು ಗುಂಡಿ ಒತ್ತಿ ಮಾತಾಡುವಾಗ ಇನ್ನೊಬ್ಬರ ಮಾತು ಅವರಿಗೆ ಕೇಳದು. ಆದ್ದರಿಂದ ಮಾತು ಮುಗಿಸಿ ‘ಓವರ್’ ಎಂದು ಹೇಳಿ ಗುಂಡಿ ಬಿಡತಕ್ಕದ್ದು. ಸುಳ್ಳು ಅಪಾಯದ ಕರೆ ಕೊಡಕೂಡದು.

ಮೂರು ಸಲ ಕರೆಯಬೇಕೆಂದು ಬರೆಸಿದವರೇ ಒಂದು ಸಲ ಕರೆದು ಸುಮ್ಮನಾದರೇ? ಹಗ್ಗ ಕಟ್ಟಕೂಡದೆಂದು ಬರೆಸಿದವರೇ ಹಗ್ಗ ಕಟ್ಟಿದರೇ? ಈ ಮನುಷ್ಯನ ಜಾಗದಲ್ಲಿ ಬೇರೆ ಯಾರೋ ಕೈ ಆಡಿಸಿದ್ದಾರೆ ಅನ್ನಿಸಿತು.

ಅಷ್ಟರಲ್ಲಿ ಬಾಗಿಲಲ್ಲಿ ನೆರಳು ಬಿತ್ತು. ನಂದೀಶ್ವರಯ್ಯನವರ ಹೆಂಡತಿ ಜಗದಾಂಬ. ಅತ್ತ ಕಣ್ಣು, ಬಾಡಿದ ಮುಖ, ಆದರೂ ಸೆರಗು ಒಂದೆಳೆ ಜಾರಿರಲಿಲ್ಲ. ಎರಡೂ ಕೈಯಲ್ಲಿ ಎದೆಗೆ ಒತ್ತಿ ಒಂದು ಮೊರ ಹಿಡಿದಿದ್ದರು. ಅದರಲ್ಲಿ ಬಳೆ, ಅರಿಸಿನ, ಕುಂಕುಮ, ಮೇಲೊಂದು ರವಿಕೆ ಕಣ.

“ಸಾಹೇಬ್ರೇ, ಗಂಗಮ್ಮನಿಗೆ ಹರಕೆ ಹೇಳಿಕೊಂಡಿದೀನಿ. ಯಜಮಾನರನ್ನ ಉಳಿಸಿಕೊಡು ಅಂತ. ಮಂಟಪಕ್ಕೆ ಹೋಗಿ ಬರ್ತೀನಿ. ನಿಮ್ಮ ಜನ ಅಡ್ಡ ಬರದ ಹಾಗೆ ಹೇಳಿ.”

“ಹರಿಗೋಲು ಹಾಕೋಕೆ ಯಾರು ಬರ್ತಾರಮ್ಮ?”

“ನಾನೇ ಹಾಕ್ತೀನಿ. ನಾನು ಕೆರೆ ಕೆಳಗಿನ ಊರಿನವಳು. ಈ ಹಾಯಿ ದೋಣಿ ಮಾತ್ರ ನನಗಾಗದು. ಮದುವೆಯಾದಾಗಿನಿಂದ ಅದು ನನ್ನ ಸವತಿ,” ಎಂದು ನಗಲು ಹೋಗಿ ಸುಮ್ಮನಾದರು. ಪಾಲಪ್ಪನ ಕಡೆ ತಿರುಗಿ, “ನಿನ್ನ ಮೇಲೆ ನನಗೆ ಸಿಟ್ಟಿಲ್ಲಪ್ಪ. ಕರೆ ಕೇಳಿಸದಿದ್ದರೆ ನೀನೇನು ಮಾಡ್ತೀಯ?” ಎಂದರು.

ಪಾಲಪ್ಪ ಅತ್ತೇಬಿಟ್ಟ. ಆಂಜಿನಮ್ಮ ಅವರ ಕಾಲಿಗೆ ಬಿದ್ದಳು.

ಖಲೀಲುಲ್ಲಾಗೆ ಆ ಮೊರ ನೋಡಿ ಏನೋ ಕೊರತೆ ಅನ್ನಿಸಿತು. ಏನೆಂದು ಹೊಳೆಯಲಿಲ್ಲ. ಕೇಳೋಣವೆಂದು ಬಾಯಿ ತೆರೆದ. ಮರುಕ್ಷಣ ನಾಚಿಕೆಯಾಯಿತು. ಗಂಡನಿಗಾಗಿ ಹರಕೆ ಹೊತ್ತ ಹೆಂಗಸು, ನಮ್ಮದಲ್ಲದ ಪದ್ಧತಿ, ಮಧ್ಯೆ ಮೂಗು ತೂರಿಸಲು ನಾನು ಯಾರು?

“ಹೋಗಿ ಬನ್ನಿ ಅಮ್ಮ,” ಎಂದು ದಾರಿ ಬಿಟ್ಟ. ಹುಡುಕುತ್ತಿದ್ದ ಹರಿಗೋಲುಗಳನ್ನೆಲ್ಲ ದಡಕ್ಕೆ ಕರೆಸಲು ಜುಂಜಪ್ಪನನ್ನು ಕಳಿಸಿದ.

ಪೆದ್ದಣ್ಣ ಬಂದದ್ದು ಆಮೇಲೆ. ಸಂಘದ ಕಾರ್ಯದರ್ಶಿ, ಪಾವಗಡದಲ್ಲಿ ಕಡಲೆಕಾಯಿ ಎಣ್ಣೆ ಗಾಣಗಳ ಒಡೆಯ. ಸಿಲ್ಕ್ ಜುಬ್ಬ, ಕೈಗೊಂದು ಗಡಿಯಾರ, ಕನ್ನಡ ತೆಲುಗು ಎರಡೂ ಬೆರೆತ ನಾಲಿಗೆ.

“ಇನ್ನೂ ಈ ಪಾಲಪ್ಪನ್ನ ಕಳಿಸಿಲ್ವಾ ಸಾಮಿ? ಜನ ರೊಚ್ಚಿಗೆದ್ದವ್ರೆ.”

“ಕಳಿಸೋಣ. ಕೂತ್ಕೊಳ್ಳಿ.” ತಾನು ಮಾತ್ರ ಕೂರದೆ ಶೆಡ್ಡಿನ ಉದ್ದಕ್ಕೂ ಬರಿಗಾಲಲ್ಲಿ ಓಡಾಡತೊಡಗಿದ. “ಹೋದ ತಿಂಗಳ ಪಂದ್ಯದಲ್ಲಿ ನಿಮ್ಮ ದೋಣಿ, ಅಧ್ಯಕ್ಷರ ದೋಣಿ ಡಿಕ್ಕಿ ಹೊಡೆದ್ವಂತೆ?”

“ಅದೇನು ದೊಡ್ಡ ವಿಷಯ? ಬಲಗಡೆಯಿಂದ ಗಾಳಿ ತಗೊಂಡ ದೋಣಿಗೆ ಎಡಗಡೆಯೋನು ದಾರಿ ಬಿಡಬೇಕಂತೆ. ನಾನು ಬಿಡಲಿಲ್ಲ. ನಾನು ಗೆದ್ದ ಕಪ್ಪು ಕಿತ್ಕೊಂಡ್ರು.”

“‘ನಿಮ್ಮನ್ನ ಇದೇ ಕೆರೇಲಿ ಮುಳುಗಿಸ್ತೀನಿ’ ಅಂತ ಅವರಿಗೆ ಅಂದ್ರಂತೆ ನೀವು, ಎಲ್ಲರ ಎದುರಿಗೆ.”

“ಕೋಪಂ ಸಾಮಿ! ಬಾಯಿಗೆ ಬಂದಿದ್ದು ಅಂದೆ. ಬಾಯಲ್ಲಿ ಅಂದೋರೆಲ್ಲ ಕೊಲ್ಲಕ್ಕಾಯ್ತದಾ?”

ಖಲೀಲುಲ್ಲಾ ಜೇಬಿನಿಂದ ಹಗ್ಗದ ತುಂಡು ತೆಗೆದು ಮೇಜಿನ ಮೇಲೆ ಎಸೆದ. ಏರಿಯ ಮೇಲೆ ನಡೆದು ಬರುವಾಗ ಆ ಗಂಟು ನೆನಪಿಗೆ ಬಂದಿತ್ತು. ಶಿರಾದಲ್ಲಿ ಅವನ ತಂದೆಯದು ಗೋಣಿಚೀಲದ ವ್ಯಾಪಾರ. ಮೂಟೆಯ ಬಾಯಿ ಹೊಸೆದು, ಎರಡು ಸುತ್ತು ಸುತ್ತಿ, ತುದಿಯನ್ನು ಒಳಕ್ಕೆ ತುರುಕುವ ಗಂಟು. ನೆನೆದರೂ ಸಡಿಲವಾಗದು.

“ಇದು ದೋಣಿಯ ಗಂಟಲ್ಲ, ಕಡಲೆಕಾಯಿ ಮೂಟೆಯ ಗಂಟು. ಮಿಂಚುಳ್ಳಿಯ ಹಾಯಿಗೆ ಇದನ್ನು ಹಾಕಿದ್ದು ಯಾರು, ಪೆದ್ದಣ್ಣನವರೇ?”

ಪೆದ್ದಣ್ಣನ ಮುಖದಲ್ಲಿ ಎಣ್ಣೆಯ ಹಾಗೆ ಬೆವರು ಒಡೆಯಿತು.

“ನಂಗೊತ್ತಿಲ್ಲ.”

“ಪೆಟ್ಟಿಗೆ ಬಿಚ್ಚಿಕೊಂಡ್ರಿ. ಖಾಲಿ ದೋಣಿಯ ಹಗ್ಗ ಕಟ್ಟಿ ಗಾಳಿಗೆ ಬಿಟ್ರಿ. ಅವರ ದನಿ ಅಣಕಿಸಿ ಕರೆ ಕೊಟ್ರಿ. ಹೆಣ ಎಲ್ಲಿ?”

“ಅಮ್ಮತೋಡು ಕೊಂದಿಲ್ಲ!” ಪೆದ್ದಣ್ಣ ಎದ್ದು ನಿಂತ. “ಗಂಟು ನಂದೇ. ಬಿಟ್ಟಿದ್ದೂ ನಾನೇ. ಆದ್ರೆ ಬಿಡು ಅಂದಿದ್ದು ಅವರೇ ಸಾಮಿ, ಅವರೇ!”

ಪಾಲಪ್ಪ ಕೂತಲ್ಲಿಂದ ಮೇಲೆದ್ದ. ಆಂಜಿನಮ್ಮ ಅವನ ತೋಳು ಹಿಡಿದು ಕೂರಿಸಿದಳು.

ಮಾತು ಒಮ್ಮೆ ಹೊರಬಿದ್ದ ಮೇಲೆ ನಿಲ್ಲಲಿಲ್ಲ. ಮುಂದಿನ ವಾರ ಬೆಂಗಳೂರಿನಿಂದ ದೊಡ್ಡವರು ಬರುವವರಿದ್ದರು. ಕಂಬದ ಕೆರೆಯಲ್ಲಿ ದೊಡ್ಡ ಪಂದ್ಯ ನಡೆಸಲು ಅನುಮತಿ ಕೊಡುವುದೋ ಬೇಡವೋ ಎಂದು ನೋಡುವುದಕ್ಕೆ. ಯಾರಾದರೂ ಮುಳುಗಿದರೆ ಎಷ್ಟು ಬೇಗ ರಕ್ಷಣೆ ಹೋಗುತ್ತದೆ ಎಂದು ಅವರು ಕೇಳಿಯೇ ಕೇಳುತ್ತಾರೆ. ಅದಕ್ಕೆ ನಂದೀಶ್ವರಯ್ಯನವರು ಯಾರಿಗೂ ಹೇಳದೆ ಒಂದು ಪರೀಕ್ಷೆ ಮಾಡಲು ಹೊರಟಿದ್ದರು. ಖಾಲಿ ದೋಣಿಯನ್ನು ಮಗುಚುವಂತೆ ಬಿಡುವುದು, ತಾವು ಅಡಗಿ ಕೂತು ಅಪಾಯದ ಕರೆ ಕೊಡುವುದು, ದಡದವರು ಏನು ಮಾಡುತ್ತಾರೆ ನೋಡುವುದು.

“ನಾನು ಬ್ಯಾಡ ಅಂದೆ. ಸುಳ್ಳು ಕರೆ ಕೊಡಬಾರದು ಅಂತ ನೀವೇ ಬರೆಸಿದೀರಲ್ಲ ಅಂದೆ. ‘ಬರೆದವನಿಗೆ ಒಂದು ಸಲ ಮಾಫಿ, ಪೆದ್ದಣ್ಣ’ ಅಂತ ನಕ್ಕರು. ಕಪ್ಪಿನ ಜಗಳ ಅಲ್ಲಿಗೆ ಮರೆತು ಇಬ್ಬರೂ ಕೈ ಕುಲುಕಿದ್ವಿ ಸಾಮಿ.”

“ಅಡಗಿ ಕೂತಿದ್ದು ಎಲ್ಲಿ?”

ಪೆದ್ದಣ್ಣ ಆಂಜಿನಮ್ಮನ ಮುಖ ನೋಡಿ, ಹೊರಗಿನ ಜನರ ಕಡೆ ನೋಡಿ, ದನಿ ತಗ್ಗಿಸಿದ.

“ಮಂಟಪದಲ್ಲಿ.”

“ಅಯ್ಯೋ ನನ್ನವ್ವ!” ಆಂಜಿನಮ್ಮ ಎದೆಗೆ ಕೈ ಹೊಡೆದುಕೊಂಡಳು. “ಗಂಡಸು ಗಂಗಮ್ಮನ ಕಲ್ಲು ತುಳಿದ್ರಾ?”

“ಅವರು ಓದಿದೋರು, ನಂಬಲ್ಲ. ನಾನು ಕಲ್ಲು ತುಳೀಲಿಲ್ಲ ಸಾಮಿ, ದೋಣೀಲೇ ನಿಂತು ಅವರನ್ನ ಇಳಿಸಿದೆ, ಪೆಟ್ಟಿಗೆ ಕೊಟ್ಟೆ. ಕತ್ತಲಾದ್ರೂ ರಕ್ಷಣೆಯೋರು ಹೊರಡಲಿಲ್ಲ ಅಂತ ನಾನೇ ಮತ್ತೆ ಹೋದೆ. ದೋಣೀಲಿ ನಿಂತೇ ಮೂರು ಸಲ ಕೂಗಿದೆ. ಓ ಅನ್ನಲಿಲ್ಲ. ಗಂಗಮ್ಮ ತಗೊಂಡ್ಬಿಟ್ಟಳು ಅಂತ ದೋಣಿ ತಿರುಗಿಸಿಬಿಟ್ಟೆ. ಅವರನ್ನ ಅಲ್ಲಿಗೆ ಕರ್ಕೊಂಡು ಹೋಗಿದ್ದು ನಾನು ಅಂತ ಗೊತ್ತಾದ್ರೆ ಈ ಜನ ನನ್ನ ಚರ್ಮ ಸುಲಿಯಲ್ವಾ?”

“ಅದಕ್ಕೆ ಈ ಬಡಪಾಯಿಯ ಚರ್ಮ ಸುಲಿಸೋಕೆ ಹೊರಟ್ರಿ!” ಖಲೀಲುಲ್ಲಾ ಮೇಜು ಗುದ್ದಿದ. ಎಷ್ಟು ಜೋರಾಗಿ ಗುದ್ದಿದನೆಂದರೆ ವೈರ್‌ಲೆಸ್ ಪೆಟ್ಟಿಗೆ ಅಲುಗಿತು.

ಪೆದ್ದಣ್ಣ ಜುಬ್ಬದ ತುದಿಯಿಂದ ಮುಖ ಮುಚ್ಚಿಕೊಂಡ. ಆ ಕ್ಷಣ ಅವನ ಮೇಲೆ ಸಿಟ್ಟಿಗಿಂತ ಹೇಸಿಗೆಯೇ ಬಂತು.

ಆದರೆ ಖಲೀಲುಲ್ಲಾನ ಕಾಲು ನಿಲ್ಲಲಿಲ್ಲ. ಗೋಡೆಯಿಂದ ಬಾಗಿಲಿಗೆ, ಬಾಗಿಲಿಂದ ಗೋಡೆಗೆ. ಕರೆ ಕೊಟ್ಟದ್ದು ನಂದೀಶ್ವರಯ್ಯನವರೇ ಆದರೆ, ಪರೀಕ್ಷೆಗೆಂದೇ ಕೊಟ್ಟದ್ದಾದರೆ, ಮೂರು ಸಲ ಕರೆಯಲೇಬೇಕಿತ್ತು. ಒಂದು ಕರೆಗೆ ಪಾಲಪ್ಪ ಓಗೊಡುವುದಿಲ್ಲ ಎಂದು ಅವರಿಗೆ ಚೆನ್ನಾಗಿ ಗೊತ್ತು.

“ಯಾ ಅಲ್ಲಾ,” ಎಂದು ನಿಂತುಬಿಟ್ಟ. “ಅವರು ಬೇಕೆಂದು ಒಂದೇ ಸಲಕ್ಕೆ ನಿಲ್ಲಿಸಲಿಲ್ಲ ಪಾಲಪ್ಪ. ಒಂದು ಸಲ ಕರೆದರು. ಎರಡನೇದಕ್ಕೆ ಬಾಯಿ ತೆರೆಯೋದಕ್ಕೆ ಮುಂಚೆ ಯಾರೋ ಅವರ ಬಾಯಿ ಮುಚ್ಚಿಸಿದರು. ಅಲ್ಲಿ ಇನ್ನೊಬ್ಬರು ಇದ್ದರು.”

“ಅಲ್ಲಿಗೆ ಯಾವ ಗಂಡಸು ಹೋಗ್ತಾನೆ ಸ್ವಾಮಿ?” ಎಂದ ಪಾಲಪ್ಪ.

ಬೆಳಗಿನಿಂದ ಊರಿಗೆ ಊರೇ ಕೆರೆ ಜಾಲಾಡಿತ್ತು, ಅಷ್ಟೂ ಗಂಡಸರೇ. ಆ ಒಂದು ಜಾಗ ಬಿಟ್ಟು.

ಆಗ ಮೇಜಿನ ಮೇಲಿನ ಪೆಟ್ಟಿಗೆ ಗೊರಗೊರ ಅಂದಿತು.

“ದಡ... ಇದು...”

ಅಷ್ಟೇ. ಆಮೇಲೆ ಬರೀ ಗಾಳಿಯ ಸದ್ದು.

ಪೆದ್ದಣ್ಣ ಗೋಡೆಗೆ ಅಂಟಿಕೊಂಡ. “ದೆಯ್ಯಂ! ದೆಯ್ಯಂ ಸಾಮಿ! ಮಾತಾಡಬೇಡ ಪಾಲಪ್ಪ, ಇನ್ನೆರಡು ಸಲ ಕರೀಲಿ!”

ಪಾಲಪ್ಪನ ಕೈ ಗುಂಡಿಯ ಮೇಲಿತ್ತು. ಖಲೀಲುಲ್ಲಾ ಒತ್ತೆಂದು ಹೇಳಲಿಲ್ಲ. ಹೇಳಿ ಒತ್ತಿಸುವ ಕೆಲಸ ಅದಲ್ಲ. ಆಂಜಿನಮ್ಮ ಗಂಡನ ಬೆನ್ನ ಮೇಲೆ ಕೈಯಿಟ್ಟಳು.

ಪಾಲಪ್ಪ ಕಣ್ಣು ಮುಚ್ಚಿ ಗುಂಡಿ ಒತ್ತಿದ.

“ಓ... ಅಯ್ಯನೋರೇ! ದಡ ಮಾತಾಡ್ತಾ ಐತೆ. ನಾನು ಪಾಲಪ್ಪ. ಹೇಳ್ರಯ್ಯ. ಓವರ್.”

ಗುಂಡಿ ಬಿಟ್ಟ. ಮೊದಲು ಉಸಿರು ಕೇಳಿಸಿತು, ಆಮೇಲೆ ಮಾತು. ಪಾತಾಳದಿಂದ ಬಂದಷ್ಟು ಸಣ್ಣಗೆ. ಆದರೆ ನಂದೀಶ್ವರಯ್ಯನವರದೇ ದನಿ.

“ಪಾಲಪ್ಪ... ಮಂಟಪದ ಹಿಂದಿನ ಮೆಟ್ಟಿಲು... ತಲೆಗೆ ಪೆಟ್ಟು. ಎದ್ದು ಕೂರೋಕಾಗ್ತಿಲ್ಲ. ಹಿಂದಿನಿಂದ ಹೊಡೆದರು, ಮುಖ ಕಾಣಲಿಲ್ಲ... ಬಳೆ ಸದ್ದು ಕೇಳಿಸ್ತು. ಜನ ಕಳಿಸು. ಹೆಂಗಸರನ್ನ ಕಳಿಸಬೇಡ... ಕೇಳಿಸ್ತಾ? ಹೆಂಗಸರನ್ನ ಮಾತ್ರ...”

ಪಾಲಪ್ಪ ‘ಓವರ್’ಗೆ ಕಾದ. ‘ಓವರ್’ ಬರಲಿಲ್ಲ.

ಖಲೀಲುಲ್ಲಾ ಕಿಟಕಿಗೆ ನುಗ್ಗಿದ. ನಡುನೀರಿನಲ್ಲಿ, ತಾನೇ ದಾರಿ ಬಿಟ್ಟ ಹರಿಗೋಲು ಮಂಟಪವನ್ನು ಮುಟ್ಟಿತ್ತು. ಹತ್ತಿರ ಇನ್ನೊಂದು ಹರಿಗೋಲಿಲ್ಲ, ತಾನೇ ಎಲ್ಲವನ್ನೂ ದಡಕ್ಕೆ ಕರೆಸಿದ್ದ. ಜಗದಾಂಬ ನೆರಿಗೆ ಎತ್ತಿ ಸಿಕ್ಕಿಸಿಕೊಂಡು, ಮೊರ ಹಿಡಿದು, ಕಲ್ಲಿನ ಮೇಲೆ ಕಾಲಿಟ್ಟರು. ಅಂಚಿಗೆ ಹೊಲಿದಿದ್ದ ಹಸಿರು ಬಟ್ಟೆ ಬಿಸಿಲಿಗೆ ಒಮ್ಮೆ ಕಂಡಿತು.

ಅವನ ಕಣ್ಣು ಕಿಟಕಿಗೆ ಒರಗಿಸಿದ ಮೊರದ ಮೇಲೆ ಇಳಿಯಿತು. ಕಾಲುಚೀಲ ಕಿತ್ತೆಸೆದ. ಅದೇ ಹೊಸ ಮೊರ. ಅದೇ ಹಸಿರು ಅಂಚು.

ಶಿರಾದಲ್ಲಿ ಪಕ್ಕದ ಮನೆಯ ಗಂಗಲಕ್ಷ್ಮಮ್ಮ ಪ್ರತಿ ವರ್ಷ ಗೌರಿ ಹಬ್ಬದಲ್ಲಿ ಬಾಗಿನ ಕಟ್ಟುವುದನ್ನು ಚಿಕ್ಕಂದಿನಿಂದ ನೋಡಿದವನು ಅವನು. ಬಾಗಿನಕ್ಕೆ ಒಂದು ಮೊರ ಸಾಲದು. ಕೆಳಗೊಂದು, ಮೇಲೆ ಮುಚ್ಚಲು ಇನ್ನೊಂದು, ಜೋಡಿ. ಆ ಹೆಂಗಸಿನ ಕೈಯಲ್ಲಿ ಕೊರತೆಯಿದ್ದದ್ದು ಅದೇ. ನಿನ್ನೆ ಜೋಡಿ ಮೊರ ಹಿಡಿದು ಮಂಟಪಕ್ಕೆ ಹೋದವಳು, ಗಂಡನ ತಲೆಗೆ ಹೊಡೆಯುವಾಗ ಒಂದನ್ನು ನೀರಿಗೆ ಕಳೆದುಕೊಂಡು ಬಂದಿದ್ದಳು. ಹಾಯಿದೋಣಿಯನ್ನು ಸವತಿ ಎಂದದ್ದು ತಮಾಷೆಗಲ್ಲ. ಮರ್ಯಾದೆ ನೋಡಿ ಸುಮ್ಮನಿದ್ದ ತನ್ನ ನಾಲಿಗೆಯನ್ನು ಕತ್ತರಿಸಿ ಎಸೆಯಬೇಕೆನಿಸಿತು.

“ಜುಂಜಪ್ಪಾ, ಹರಿಗೋಲು! ಜಲ್ದಿ!” ಎಂದು ಕಿಟಕಿಯಿಂದ ಅರಚಿದ. “ಪಾಲಪ್ಪ, ಹೇಳು ಅವರಿಗೆ, ಬಂದವರು ಯಾರು ಅಂತ ಹೇಳು!”

“ಅಯ್ಯನೋರೇ! ಅಯ್ಯನೋರೇ! ಅಯ್ಯನೋರೇ!” ಪಾಲಪ್ಪ ಗುಂಡಿ ಒತ್ತಿ ಮೂರು ಸಲ ಕೂಗಿದ. ಬಿಟ್ಟೊಡನೆ ಅತ್ತಲಿನ ಅದೇ ಉಸಿರು ಕೇಳಿಸಿತು. “ಅವರು ಗುಂಡಿ ಬುಟ್ಟೇ ಇಲ್ಲ ಸ್ವಾಮಿ! ಒತ್ಕೊಂಡೇ ಅವರೆ! ನಮ್ಮ ಮಾತು ಅವರಿಗೆ ಕೇಳಾಕಿಲ್ಲ!”

ಪೆಟ್ಟಿಗೆಯಿಂದ ಮಾತ್ರ ಎಲ್ಲವೂ ಕೇಳುತ್ತಿತ್ತು. ಹರಿಗೋಲು ಅಲೆಗೆ ಮತ್ತೆ ಮತ್ತೆ ಕಲ್ಲಿಗೆ ತಾಗುವ ಸದ್ದು. ಮೆಟ್ಟಿಲ ಮೇಲೆ ನೀರು ತೊಟ್ಟಿಕ್ಕಿದ ಸದ್ದು. ಆಮೇಲೆ ಬಳೆಗಳ ಸದ್ದು, ನಿಧಾನವಾಗಿ, ಹತ್ತಿರ ಹತ್ತಿರಕ್ಕೆ.

“ಯಾರು?” ಎಂದಿತು ಗಂಡಸಿನ ದನಿ. ಮರುಕ್ಷಣ ಅದರಲ್ಲಿ ನೆಮ್ಮದಿ ಮೂಡಿತು. “ನೀನಾ? ಬಂದೆಯಾ, ಜಗದಾಂಬ?”

“ನಾನೇ ಕಣ್ರೀ,” ಎಂದಿತು ಹೆಣ್ಣುದನಿ, ಮಗುವಿಗೆ ಅನ್ನ ಕಲಸುವಾಗಿನ ಮೃದುತನದಲ್ಲಿ. “ಇನ್ನೂ ಮಾತು ಮುಗಿದಿಲ್ವಾ? ಆ ಪೆಟ್ಟಿಗೆ ಇತ್ಲಾಗೆ ಕೊಡಿ.”

ಏನೋ ಎಳೆದಾಡಿದಂತಾಯಿತು. ಟಕ್ ಎಂದು ಗುಂಡಿ ಬಿಟ್ಟ ಸದ್ದು, ಆಮೇಲೆ ಪೆಟ್ಟಿಗೆ ನಿಶ್ಶಬ್ದವಾಯಿತು.

ಈಗ ಅವರಿಗೆ ಇತ್ತಲಿನ ಮಾತು ಕೇಳುತ್ತದೆ. ಪಾಲಪ್ಪ ಇನ್ಸ್‌ಪೆಕ್ಟರನ ಮುಖ ನೋಡಿದ. ಹೊರಗೆ ಜುಂಜಪ್ಪನ ಹರಿಗೋಲು ಇನ್ನೂ ದಡ ಬಿಟ್ಟಿರಲಿಲ್ಲ. ಅದು ಮಂಟಪ ಮುಟ್ಟುವಷ್ಟರಲ್ಲಿ ಒಬ್ಬ ಮನುಷ್ಯನನ್ನು ನೀರಿಗೆ ಉರುಳಿಸಿ, ಕೈ ತೊಳೆದುಕೊಂಡು, ಅಳುತ್ತಾ ಕೂರಲು ಬೇಕಾದಷ್ಟು ಹೊತ್ತು ಸಿಗುತ್ತಿತ್ತು.

ಖಲೀಲುಲ್ಲಾ ಹಸಿರು ಅಂಚಿನ ಮೊರವನ್ನು ಎಡಗೈಯಲ್ಲಿ ಎತ್ತಿಕೊಂಡ, ಬಲಗೈಯಿಂದ ಗುಂಡಿ ಒತ್ತಿದ. ಇಡೀ ದಿನದಲ್ಲಿ ಮೊದಲ ಸಲ ಅವನ ಕಾಲುಗಳು ನಿಂತಲ್ಲೇ ನಿಂತವು.

“ಅಮ್ಮಾ, ನಾನು ಇನ್ಸ್‌ಪೆಕ್ಟರ್. ನಿಮ್ಮ ಇನ್ನೊಂದು ಮೊರ ನನ್ನ ಹತ್ತಿರ ಇದೆ. ಓವರ್.”